ಮೂರು ಸಾಲು, ನಾಲ್ಕು ಚೌಕ: ಓದುಗರ ಪ್ರಶ್ನೆಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದಿನನಿತ್ಯದ ಬದುಕಿನ ನಗೆಹೈಕು (ಹೈಕು ಎಂದರೆ ಜಪಾನಿನಿಂದ ಬಂದ ಮೂರು ಸಾಲಿನ ಪದ್ಯ) ಮತ್ತು ನಾಲ್ಕು ಚೌಕದ ಕಾಮಿಕ್ ಸ್ಟ್ರಿಪ್ ಬಗ್ಗೆ ಇವೆ. ಕೆಲವರು ತಾವು ಬರೆದದ್ದನ್ನೂ ಕಳಿಸಿದ್ದಾರೆ. ತಿದ್ದಿದರೆ ಹೇಗಾಗುತ್ತದೆ ಎಂದು ಕಾಣಲಿ ಅಂತ ಮೂಲ ಸಾಲುಗಳನ್ನೂ ಇಲ್ಲಿ ಕೊಟ್ಟಿದ್ದೇವೆ.

ಹೈಕುವಿಗೆ 5-7-5 ಅಕ್ಷರ ಎಂದು ಕೆಲವರು, ಮಾತ್ರೆ ಎಂದು ಕೆಲವರು ಹೇಳುತ್ತಾರೆ. ಯಾವುದು ಸರಿ? ‘ನೆಟ್‌ವರ್ಕ್’ ಅಂತ ಬರೆದರೆ ಎಷ್ಟು ಎಣಿಸಬೇಕು?
– ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ

ಕನ್ನಡದಲ್ಲಿ ಅಕ್ಷರ ಎಣಿಸಿ. ಜಪಾನಿನವರು ಎಣಿಸುವುದು ‘ಓನ್’ ಎಂಬ ಉಚ್ಚಾರದ ಅಳತೆಯನ್ನು. ಅದರಲ್ಲಿ ದೀರ್ಘಕ್ಕೆ ಎರಡು ಲೆಕ್ಕ, ಪದದ ಕೊನೆಗೆ ಬರುವ ‘ನ್’ಗೂ ಬೇರೆ ಒಂದು ಲೆಕ್ಕ. ಟೋಕಿಯೋ ಊರಿನ ಹೆಸರು ಅವರ ಬಾಯಲ್ಲಿ 4 ಓನ್. ಹಾಗೆ ನೋಡಿದರೆ ಅದು ನಮ್ಮ ಮಾತ್ರೆಗೇ ಹತ್ತಿರ. ಆದರೆ ಕನ್ನಡದಲ್ಲಿ 17 ಮಾತ್ರೆಯೊಳಗೆ ಬರೆಯಲು ಕೂತರೆ ಮೂರು ನಾಲ್ಕು ಪದಕ್ಕೇ ಜಾಗ ಮುಗಿದುಹೋಗುತ್ತದೆ, ವಿಭಕ್ತಿ ಪ್ರತ್ಯಯಕ್ಕೂ ಎಡೆ ಇರುವುದಿಲ್ಲ. ಈ ಉದಾಹರಣೆ ನೋಡಿ:

ಕರೆಂಟು ಬಂತು
ಎಲ್ಲ ಮಿಕ್ಸಿಗಳಿಗೂ
ಒಂದೇ ಮುಹೂರ್ತ

ಅಕ್ಷರ ಲೆಕ್ಕದಲ್ಲಿ ಇದು ಸರಿಯಾಗಿ 5, 7, 5. ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಮಾತ್ರೆ ಹಾಕಿದರೆ 7, 10, 8, ಒಟ್ಟು 25. ಈ ಐದಾರು ಪದ ಹಿಡಿಸುವಷ್ಟು ಜಾಗ ಕನ್ನಡಕ್ಕೆ ಬೇಕೇ ಬೇಕು. ಅದಕ್ಕೇ ಅಕ್ಷರ ಹಿಡಿದುಕೊಳ್ಳಿ ಎನ್ನುತ್ತಿರುವುದು.

ಎಣಿಸುವ ಕ್ರಮ ಹೀಗೆ: ಒತ್ತಕ್ಷರ ಸೇರಿ ಒಂದೇ ಅಕ್ಷರ (‘ಮಿಕ್ಸಿ’ ಎರಡು). ಸೊನ್ನೆಗೆ ಬೇರೆ ಲೆಕ್ಕವಿಲ್ಲ (‘ಬಂತು’ ಎರಡು). ಕೊನೆಯಲ್ಲಿ ಅರ್ಧಕ್ಕೆ ನಿಂತ ವ್ಯಂಜನ ಹಿಂದಿನ ಅಕ್ಷರದ ಜೊತೆಗೇ ಹೋಗುತ್ತದೆ. ಹಾಗಾಗಿ ‘ನೆಟ್‌ವರ್ಕ್’ ಎಂದರೆ ನೆಟ್, ವರ್ಕ್ ಎರಡು. ‘ನೆಟ್ವರ್ಕು’ ಎಂದು ಉಕಾರ ಸೇರಿಸಿದರೆ ಮೂರು. ಈ ಸಡಿಲವನ್ನು ಧಾರಾಳವಾಗಿ ಬಳಸಿಕೊಳ್ಳಿ. ‘ಮನೆಯಲ್ಲಿ’ ನಾಲ್ಕಾದರೆ ‘ಮನೇಲಿ’ ಮೂರು, ‘ಬಂದರೆ’ ಮೂರಾದರೆ ‘ಬಂದ್ರೆ’ ಎರಡು. ಆದರೆ ಒಂದು ಸಾಲಲ್ಲಿ ‘ಬಂದ್ರೆ’, ಮುಂದಿನ ಸಾಲಲ್ಲಿ ‘ಹೋದರೆ’ ಎಂದು ಎರಡು ನಾಲಿಗೆಯಲ್ಲಿ ಬರೆದರೆ ಅಕ್ಷರ ತುಂಬಿಸಲು ಪರದಾಡಿದ್ದು ಎದ್ದು ಕಾಣುತ್ತದೆ. ಒಂದಕ್ಷರ ಕಡಿಮೆ ಬಿತ್ತು ಅಂತ ‘ಒಂದು’, ‘ತಾನು’, ‘ಎಂದು’, ‘ವು’ ಇವನ್ನು ತುರುಕುವುದಕ್ಕಿಂತ 5-6-5ರಲ್ಲೇ ಬಿಡುವುದು ಲೇಸು.

ಕೆಳಗಿನ ಹೈಕುವಿನ ಅಕ್ಷರ ಸರಿ ಇದ್ದರೂ ಓದಿದವರು ಯಾರೂ ನಗಲಿಲ್ಲ. ತಪ್ಪು ಎಲ್ಲಿದೆ?
‘ಉಂಬಳ ಬಂದು / ನನ್ನ ಕಾಲಿಗೆ ಕಚ್ಚಿ / ರಕ್ತ ಹೀರಿತು’
– ಓದುಗರು, ಹೊಸನಗರ

ಮೂರೂ ಸಾಲನ್ನು ಒಂದೇ ಉಸಿರಿಗೆ ವಾಕ್ಯದಂತೆ ಓದಿ ನೋಡಿ: ‘ಉಂಬಳ ಬಂದು ನನ್ನ ಕಾಲಿಗೆ ಕಚ್ಚಿ ರಕ್ತ ಹೀರಿತು.’ ಏನಾದರೂ ಕಳೆಯಿತೇ? ಇಲ್ಲ. ಸಾಲು ಕೂಡಿಸಿ ಓದಿದಾಗ ಏನೂ ಕಳೆಯದಿದ್ದರೆ ಅದು ಮೂರು ತುಂಡು ಮಾಡಿದ ಗದ್ಯ. ನೀವು ಏನೇ ಬರೆದರೂ ಮೊದಲು ಈ ಪರೀಕ್ಷೆ ಮಾಡಿ.

ಹೈಕುವಿನಲ್ಲಿ ಒಂದು ಕಡೆ ಕಡಿತ ಇರಬೇಕು, ಅಂದರೆ ಮಾತಿನ ಓಟ ತಟ್ಟನೆ ನಿಂತು ಬೇರೆ ನೋಟಕ್ಕೆ ಜಿಗಿಯುವ ಜಾಗ. ಜಪಾನಿಯಲ್ಲಿ ಅದಕ್ಕೆಂದೇ ‘ಯಾ’, ‘ಕಾನಾ’, ‘ಕೆರಿ’ ಎಂಬ ಕಡಿತದ ಪದಗಳಿವೆ. ನಮ್ಮಲ್ಲಿ ಆ ಕೆಲಸವನ್ನು ಒಂದು ಅಡ್ಡಗೆರೆ ಮಾಡೀತು, ಕ್ರಿಯಾಪದವಿಲ್ಲದೆ ನಿಂತ ನಾಮಪದ ಇನ್ನೂ ಚೆನ್ನಾಗಿ ಮಾಡೀತು. ಮೊದಲ ಸಾಲಿನ ಕೊನೆಗೋ ಎರಡನೆಯದರ ಕೊನೆಗೋ ಒಂದೇ ಕಡಿತ ಸಾಕು. ಎರಡು ಕಡೆ ಕಡಿದರೆ ಸಾಮಾನಿನ ಪಟ್ಟಿ ಓದಿದಂತಾಗುತ್ತದೆ.

ನಿಮ್ಮ ಹೈಕುವಿನಲ್ಲಿ ಮತ್ತೆರಡು ತೊಡಕಿವೆ. ನಗು ಹುಟ್ಟಬೇಕಾದ ಉಂಬಳ ಮೊದಲ ಪದದಲ್ಲೇ ಬಂದುಬಿಟ್ಟಿದೆ. ಜೊತೆಗೆ ನಮ್ಮ ಭಾಷೆಯ ವಾಕ್ಯ ಕ್ರಿಯಾಪದಕ್ಕೆ ಮುಗಿಯುವುದರಿಂದ, ಎಲ್ಲಕ್ಕಿಂತ ಬಲವಾದ ಕೊನೆಯ ಜಾಗವನ್ನು ‘ಹೀರಿತು’ ಎಂಬ ಎಲ್ಲರಿಗೂ ಗೊತ್ತಿರುವ ಸಂಗತಿಗೆ ಕೊಟ್ಟಿದ್ದೀರಿ. ಉಂಬಳ ಕಚ್ಚಿದರೆ ರಕ್ತ ಹೀರುತ್ತದೆ ಎಂದು ಹೊಸನಗರದಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಕ್ರಿಯಾಪದ ಬಿಟ್ಟು, ಉಂಬಳವನ್ನು ಕೊನೆಗೆ ಕಳಿಸಿ, ಮೊದಲ ಸಾಲಲ್ಲಿ ಬೇರೆಯದೇ ಜಾಗ ಇಟ್ಟರೆ:

ನೆಂಟರ ಮನೆ
ನನಗಿಂತ ಮೊದಲೇ
ಉಂಬಳದೂಟ

ಈಗ ಕಚ್ಚಿದ್ದು, ಹೀರಿದ್ದು, ತೋಟದ ದಾರಿಯಲ್ಲಿ ನಡೆದು ಬಂದದ್ದು ಯಾವುದನ್ನೂ ಹೇಳಿಲ್ಲ. ಅಷ್ಟನ್ನೂ ಓದುವವರೇ ತುಂಬಿಕೊಳ್ಳುತ್ತಾರೆ. ನಗು ಬರುವುದು ಹಾಗೆ ತುಂಬಿಕೊಳ್ಳುವಾಗಲೇ.

‘ನಾನು ಮಾರಿದ್ದೆ / ಮರುದಿನವೇ ರೇಟು / ಮೇಲೆ ಏರಿತು’ – ಇದರಲ್ಲಿ ಕಡಿತ ಇದೆ ಎಂದುಕೊಂಡಿದ್ದೇನೆ. ಆದರೂ ಸಪ್ಪೆ ಅನ್ನಿಸುತ್ತದೆ.
– ಅಡಿಕೆ ಬೆಳೆಗಾರರು, ಸಾಗರ

ಕಡಿತ ಇದೆ, ಆದರೆ ಘಟನೆಯನ್ನು ಪೂರ್ತಿ ಹೇಳಿ ಮುಗಿಸಿಬಿಟ್ಟಿದ್ದೀರಿ. ಏರಿದ ರೇಟು ಎಲ್ಲರೂ ಬಲ್ಲ ಸುದ್ದಿ. ಆ ಸುದ್ದಿ ತಿಳಿದ ಮೇಲೆ ಮನುಷ್ಯ ಏನು ಮಾಡಿದ ಎಂಬುದನ್ನು ಹುಡುಕಿ. ದಿನಾ ಬೆಳಿಗ್ಗೆ ಅಡಿಕೆಯ ಬಗೆಗಳಲ್ಲಿ ರಾಶಿಗೆ ಎಷ್ಟು, ಬೆಟ್ಟೆಗೆ ಎಷ್ಟು, ಗೊರಬಲಿಗೆ ಎಷ್ಟು ಎಂದು ಫೋನು ಒತ್ತುತ್ತಿದ್ದವರ ಕೈ ಅವತ್ತು ಎಲ್ಲಿತ್ತು?

ಅಡಿಕೆ ರೇಟು
ಮಾರಿದ ಮರುದಿನ
ಫೋನೇ ಮುಟ್ಟಲ್ಲ

ರೇಟು ಏರಿತೆಂದು ಎಲ್ಲೂ ಇಲ್ಲ. ಏರಿದ್ದರೂ ಏರಿರಬಹುದು, ಏರಿದ್ದೀತು ಎಂಬ ಭಯವೂ ಇರಬಹುದು. ಆ ಭಯ ಇನ್ನೂ ನಿಜ. ‘ಹೊಟ್ಟೆ ಉರಿಯಿತು’, ‘ಬೇಸರವಾಯ್ತು’, ‘ಅಯ್ಯೋ’ ಎಂಬ ಭಾವದ ಪದಗಳನ್ನೆಲ್ಲ ಹೊಡೆದುಹಾಕಿ, ಅವುಗಳ ಜಾಗಕ್ಕೆ ಕೈಕಾಲು ಮಾಡಿದ್ದನ್ನು ಬರೆಯಿರಿ. ನಗೆಹೈಕುವಿನ ಮುಕ್ಕಾಲು ಪಾಲು ತಿದ್ದುಪಡಿ ಇಷ್ಟೇ.

ಹಾಸ್ಯ ಇದ್ದರೆ ಅದು ಹೈಕುವೇ ಅಲ್ಲ, ಬೇರೆ ಪ್ರಕಾರ ಎಂದು ಸ್ನೇಹಿತರು ವಾದಿಸುತ್ತಾರೆ. ಹಾಗಾದರೆ ನಮ್ಮ ಹನಿಗವನಕ್ಕೂ ಇದಕ್ಕೂ ಏನು ವ್ಯತ್ಯಾಸ?
– ಶಿಕ್ಷಕರು, ತೀರ್ಥಹಳ್ಳಿ

ಅವರು ಹೇಳುತ್ತಿರುವುದು ಸೆನ್‌ರ್ಯು ಬಗ್ಗೆ. ಅದೂ 5-7-5ರದೇ. ಆದರೆ ಋತುಪದ (ಯಾವ ಕಾಲ ಎಂದು ಸೂಚಿಸುವ ಪದ) ಕಡ್ಡಾಯವಲ್ಲ, ಕಡಿತದ ಪದವೂ ಕಡ್ಡಾಯವಲ್ಲ, ವಸ್ತು ಮನುಷ್ಯರ ದೌರ್ಬಲ್ಯ. ಕರೈ ಸೆನ್‌ರ್ಯು (1718–1790) ಎಂಬವರು ಜನ ಬರೆದು ಕಳಿಸಿದ ಇಂಥ ಪದ್ಯಗಳನ್ನು ಆಯ್ಕೆ ಮಾಡುತ್ತಿದ್ದರು, 1765ರಿಂದ ಅವುಗಳ ಸಂಕಲನ ಅಚ್ಚಾಗತೊಡಗಿತು, ಪ್ರಕಾರಕ್ಕೆ ಅವರ ಹೆಸರೇ ಉಳಿಯಿತು. ಜಪಾನಿನಲ್ಲಿ ಅದು ಇವತ್ತಿಗೂ ಜನಸಾಮಾನ್ಯರ ಕೈಯಲ್ಲೇ ಇದೆ. ಆಫೀಸು ನೌಕರರ ಬದುಕಿನ ಸೆನ್‌ರ್ಯುಗಳಿಗೆಂದೇ ಅಲ್ಲಿನ ವಿಮಾ ಕಂಪನಿಯೊಂದು 1987ರಲ್ಲಿ ಸ್ಪರ್ಧೆ ಶುರುಮಾಡಿತು.

ಆದರೆ ಹೈಕುವಿಗೆ ನಗು ಮೈಲಿಗೆ ಎನ್ನುವುದು ಸುಳ್ಳು. ಜಪಾನಿನ ಹೈಕು ಕವಿ ಇಸ್ಸಾ (1763–1828) ನೊಣ, ಚಿಗಟ, ಸೊಳ್ಳೆಗಳ ಮೇಲೆ ಬರೆದದ್ದಕ್ಕೆ ಲೆಕ್ಕವಿಲ್ಲ. ಅವು ಹೈಕುಗಳೇ. ಋತು ಬಂದರೆ ಹೈಕು, ಬರೀ ಮನುಷ್ಯರ ಪೇಚಾಟವಿದ್ದರೆ ಸೆನ್‌ರ್ಯು ಎಂದಿಟ್ಟುಕೊಂಡು ಬರೆಯಿರಿ. ಮೇಲಿನ ಮಿಕ್ಸಿ ಸೆನ್‌ರ್ಯು. ಉಂಬಳವೆಂದರೇ ಮಳೆಗಾಲವಾದ್ದರಿಂದ ನೆಂಟರ ಮನೆಯದು ಹೈಕು.

ಹನಿಗವನದ ಜೀವ ಪ್ರಾಸ ಮತ್ತು ಶ್ಲೇಷೆಯಲ್ಲಿದೆ. ಅದು ಸಭೆಯಲ್ಲಿ ಓದಿ ಚಪ್ಪಾಳೆ ಗಿಟ್ಟಿಸುವ ಕಲೆ, ಅದರ ಪಳಗಿದ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೈಕುವಿನಲ್ಲಿ ಪ್ರಾಸ ಹಾಕಿದರೆ ಮೂರನೇ ಸಾಲಿನ ಕೊನೆ ಏನಿರಬಹುದೆಂದು ಕಿವಿ ಮೊದಲೇ ಊಹಿಸಿಬಿಡುತ್ತದೆ, ಕಡಿತದ ಪೆಟ್ಟು ಮೆತ್ತಗಾಗುತ್ತದೆ.

ಶೀರ್ಷಿಕೆ ಬೇಕೆ?
– ಭದ್ರಾವತಿ

ಬೇಡ. ‘ಉಂಬಳ’ ಎಂದು ಶೀರ್ಷಿಕೆ ಕೊಟ್ಟರೆ ಮೇಲಿನ ಹೈಕು ಓದುವ ಮೊದಲೇ ಮುಗಿಯಿತು.

ಋತುಪದ ಎಂದರೆ ಚೆರಿ ಹೂವು, ಹಿಮ ಎಂದೇ ಎಲ್ಲ ಕಡೆ ಓದುತ್ತೇವೆ. ಮಲೆನಾಡಿನವರು ಯಾವುದನ್ನು ಬಳಸಬೇಕು?
– ಗೃಹಿಣಿ, ಕೊಪ್ಪ

ಇದು ನಮಗೆ ತುಂಬ ಇಷ್ಟವಾದ ಪ್ರಶ್ನೆ. ಜಪಾನಿನಲ್ಲಿ ಋತುಪದಗಳಿಗೆಂದೇ ಕೋಶಗಳಿವೆ. ವಸಂತ, ಬೇಸಿಗೆ, ಶರತ್ತು, ಚಳಿಗಾಲ, ಹೊಸವರ್ಷ ಎಂದು ಐದು ಭಾಗ. ನಮ್ಮ ಹಿರಿಯರ ಬಾಯಲ್ಲಿ ಅದಕ್ಕಿಂತ ಸೂಕ್ಷ್ಮವಾದ ಕೋಶ ಮೊದಲಿಂದಲೂ ಇದೆ: ಮಳೆ ನಕ್ಷತ್ರಗಳು. ಒಂದೊಂದಕ್ಕೆ 13–14 ದಿನ. ಮೃಗಶಿರ ಜೂನ್ 7–8ರ ಸುಮಾರಿಗೆ ಹುಟ್ಟುತ್ತದೆ, ಆರಿದ್ರಾ 21–22ಕ್ಕೆ, ಪುನರ್ವಸು ಜುಲೈ 5–6ಕ್ಕೆ, ಪುಷ್ಯ 19–20ಕ್ಕೆ, ಆಶ್ಲೇಷ ಆಗಸ್ಟ್ 2–3ಕ್ಕೆ, ಮಘೆ 16–17ಕ್ಕೆ. ‘ಮಳೆಗಾಲ’ ಎಂದರೆ ನಾಲ್ಕು ತಿಂಗಳು, ‘ಪುಷ್ಯದ ಮಳೆ’ ಎಂದರೆ ಎರಡು ವಾರ. ಆ ಎರಡು ವಾರದಲ್ಲಿ ಬಟ್ಟೆ ಒಣಗದೆ ಬಚ್ಚಲ ಒಲೆಯ ಮೇಲಿನ ಗಳಕ್ಕೆ ಏರಿರುತ್ತದೆ, ಗೋಡೆ ಬೆವರುತ್ತದೆ, ಬೆಂಕಿಪೊಟ್ಟಣ ಹತ್ತುವುದಿಲ್ಲ. ಐದು ಅಕ್ಷರಕ್ಕೆ ಇಷ್ಟೂ ಸಿಗುತ್ತದೆ. ಅಕ್ಷರದ ಲೆಕ್ಕವೂ ಅನುಕೂಲವಾಗಿಯೇ ಇದೆ: ‘ಆರಿದ್ರಾ ಮಳೆ’, ‘ಪುಷ್ಯದ ಮಳೆ’ ಎರಡೂ ಐದು. ‘ಪುನರ್ವಸು ಮಳೆ’ ಮಾತ್ರ ಆರು, ಅದನ್ನು ಎರಡನೇ ಸಾಲಿಗೆ ಇಟ್ಟುಕೊಳ್ಳಿ.

ನಕ್ಷತ್ರ ಬಿಟ್ಟರೆ ಕೆಲಸಗಳ ಹೆಸರು. ಅಪ್ಪೆಮಿಡಿ, ಹಲಸಿನ ಹಪ್ಪಳ ಎಂದರೆ ಬೇಸಿಗೆ. ಕಳಲೆ, ಅಣಬೆ, ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವುದು ಎಂದರೆ ಮಳೆ. ಭೂಮಿ ಹುಣ್ಣಿಮೆ, ಕೊನೆಕೊಯ್ಲು, ಅಡಿಕೆ ಸುಲಿತ, ಆಲೆಮನೆ ಎಂದರೆ ಮಳೆ ಬಿಟ್ಟ ಮೇಲಿನ ದಿನಗಳು. ಒಂದು ಹೈಕುವಿಗೆ ಒಂದೇ ಋತುಪದ ಹಾಕಿ. ‘ಆರಿದ್ರಾ ಮಳೆ’ ಎಂದ ಮೇಲೆ ಉಂಬಳ, ಕೊಡೆ, ಕಂಬಳಿಕೊಪ್ಪೆ ಮೂರನ್ನೂ ತಂದರೆ ಒಂದೇ ಮಾತನ್ನು ನಾಲ್ಕು ಸಲ ಹೇಳಿದಂತೆ.

ನೀವು ಕಳಿಸಿದ ಹೈಕು: ‘ಆರಿದ್ರಾ ಮಳೆ / ಒಣಗದ ಚಡ್ಡಿಗೆ / ಒಲೆಯೇ ಸೂರ್ಯ’. ಎಣಿಕೆ ಸರಿ, ಕಡಿತ ಸರಿ, ನೋಟವೂ ನಿಮ್ಮದೇ. ತಿದ್ದಬೇಕಾದದ್ದು ಆ ಸೂರ್ಯನನ್ನು. ಒಲೆಯನ್ನು ಸೂರ್ಯ ಎಂದ ಕೂಡಲೇ ಓದುವವರು ಒಲೆಯನ್ನು ಬಿಟ್ಟು ಕವಿಯ ಜಾಣತನವನ್ನು ನೋಡತೊಡಗುತ್ತಾರೆ. ರೂಪಕ ಭಾವಗೀತೆಗೆ ಭೂಷಣ, ಇಲ್ಲಿ ಅದು ಅಡ್ಡ ಬರುತ್ತದೆ. ಒಲೆ ಒಲೆಯಾಗಿಯೇ ಇರಲಿ. ಅದರ ಪರಿಣಾಮವೇನು ಎಂದು ಮೂಗಿಗೆ ಕೇಳಿ:

ಪುಷ್ಯದ ಮಳೆ
ಇಸ್ತ್ರಿ ಅಂಗಿಯ ತುಂಬ
ಒಲೆಯ ಹೊಗೆ

ಮದುವೆ ಮಾತುಕತೆಗೋ ಸಂದರ್ಶನಕ್ಕೋ ಹೊರಟವರ ಅಂಗಿ ಅದು. ಯಾವುದಕ್ಕೆ ಹೊರಟರು ಎಂದು ಹೇಳದಿರುವುದೇ ಒಳ್ಳೆಯದು.

ನೆಂಟರಿಷ್ಟರ ಮೇಲೆ ಬರೆದರೆ ಮನಸ್ತಾಪವಾಗುತ್ತದೆ. ಹೇಗೆ ಬರೆಯುವುದು?
– ಓದುಗರು, ಶೃಂಗೇರಿ

ಗುರಿಯನ್ನು ವ್ಯಕ್ತಿಯಿಂದ ಪರಿಸ್ಥಿತಿಗೆ ಸರಿಸಿ. ‘ಅತ್ತೆಯ ಗೊರಕೆ’ ಎಂದರೆ ಒಬ್ಬರನ್ನು ತೋರಿಸಿ ನಕ್ಕಂತೆ. ಎಲ್ಲರೂ ಸಿಕ್ಕಿಬಿದ್ದಿರುವ ಸಂಗತಿ ಹುಡುಕಿದರೆ ಯಾರಿಗೂ ನೋವಿಲ್ಲ:

ಗುಡ್ಡದ ತುದಿ
ಎರಡು ಕಡ್ಡಿ ಸಿಗ್ನಲ್
ಐದು ಜನಕ್ಕೆ

ಮೈಬಣ್ಣ, ದಪ್ಪ, ಜಾತಿ, ಬಡತನ ಇವುಗಳ ಮೇಲಿನ ನಗುವನ್ನು ಈ ಪುಟದಲ್ಲಿ ಹಾಕುವುದಿಲ್ಲ. ಅಂಥದ್ದನ್ನು ಕಳಿಸಬೇಡಿ.

ಹೈಕುವನ್ನು ನಾಲ್ಕು ಚೌಕದ ಸ್ಟ್ರಿಪ್ ಮಾಡಬಹುದೇ? ನಾನು ಪ್ರಯತ್ನಿಸಿದ್ದು: ‘ಪಟಾಕಿ ಸದ್ದು / ಮಂಗ ಕದಲಲಿಲ್ಲ / ನಾಯಿ ಓಡಿತು’. ಒಂದೊಂದು ಸಾಲಿಗೆ ಒಂದೊಂದು ಚೌಕ ಹಾಕಿದರೆ ಮೂರೇ ಆಗುತ್ತದೆ.
– ಓದುಗರು, ಸೊರಬ

ಹೈಕು ಬಹಳ ಚೆನ್ನಾಗಿದೆ, ಒಂದಕ್ಷರವನ್ನೂ ಮುಟ್ಟಬೇಡಿ. ಕ್ರಿಯಾಪದಕ್ಕೆ ಮುಗಿದರೂ ಇಲ್ಲಿ ಓಡಿದ್ದೇ ಹೊಸ ಸುದ್ದಿಯಾದ್ದರಿಂದ ಕೊನೆ ಗಟ್ಟಿಯಾಗಿದೆ.

ಸಾಲಿಗೊಂದು ಚೌಕ ಎಂಬ ಲೆಕ್ಕ ಮಾತ್ರ ಬಿಡಿ. ಜಪಾನಿನ ಪತ್ರಿಕೆಗಳ ನಾಲ್ಕು ಚೌಕದ ಕಾಮಿಕ್ಕುಗಳಲ್ಲಿ ಆರಂಭ, ಮುಂದುವರಿಕೆ, ತಿರುವು, ಮುಕ್ತಾಯ ಎಂಬ ನಡೆ ಇದೆ. ಮೂರನೆಯ ಚೌಕದಲ್ಲಿ ತಿರುವು, ನಾಲ್ಕನೆಯದರಲ್ಲಿ ಅದರ ಫಲ. ಹೈಕುವಿನ ಕಡಿತ ಬೀಳುವುದು ಈ ಎರಡರ ನಡುವಿನ ಖಾಲಿ ಜಾಗದಲ್ಲಿ.

ಪದ್ಯಕ್ಕೂ ಚಿತ್ರಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಹೈಕುವಿನಲ್ಲಿ ನಾಯಿ ಮೂರನೇ ಸಾಲಿಗೆ ಬಂದರೂ ನಡೆಯುತ್ತದೆ, ಏಕೆಂದರೆ ಪದಗಳು ಒಂದರ ಹಿಂದೆ ಒಂದು ಬರುತ್ತವೆ. ಸ್ಟ್ರಿಪ್ಪಿನಲ್ಲಿ ಕೊನೆಗೆ ದಿಢೀರನೆ ನಾಯಿ ಕಂಡರೆ ‘ಇದೆಲ್ಲಿಂದ ಬಂತು’ ಎಂದಾಗುತ್ತದೆ. ಅದನ್ನು ಮೊದಲ ಚೌಕದಲ್ಲೇ ಸುಮ್ಮನೆ ಮಲಗಿಸಿಡಬೇಕು. ಹೀಗೆ ಹಂಚಿ:

ಒಂದನೇ ಚೌಕ: ಬಾಳೆಗೊನೆಯ ಮೇಲೆ ಮಂಗ, ಕೆಳಗೆ ಪಟಾಕಿ ಹಿಡಿದ ಯಜಮಾನರು, ಮೂಲೆಯಲ್ಲಿ ಅನ್ನದ ತಟ್ಟೆಯ ಪಕ್ಕ ನಾಯಿ. ಎರಡು: ಯಜಮಾನರು ಬತ್ತಿಗೆ ಬೆಂಕಿ ಮುಟ್ಟಿಸುತ್ತಾರೆ, ನಾಯಿ ಅವರ ಬೆನ್ನ ಹಿಂದೆ, ಬಾಲ ಮಾತ್ರ ಕಾಣುತ್ತದೆ. ಮೂರು: ಚೌಕ ತುಂಬ ‘ಢಂ’, ಹೊಗೆ, ಮೇಲುಗಡೆ ಮಂಗ. ನಾಲ್ಕು: ಮಂಗ ಹಣ್ಣು ಸುಲಿಯುತ್ತಿದೆ, ಯಜಮಾನರು ಹಿಂದೆ ತಿರುಗಿದ್ದಾರೆ, ಮೂಲೆಯಲ್ಲಿ ಮಗುಚಿದ ತಟ್ಟೆ.

ಓಡುವ ನಾಯಿಯನ್ನು ಬರೆಯಲೇಬೇಡಿ, ಮಗುಚಿದ ತಟ್ಟೆಯೇ ಸಾಕು. ಮೂರನೇ ಚೌಕದಲ್ಲಿ ನಾಯಿಯ ಗಾಬರಿಯ ಮುಖ ತೋರಿಸುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ನಾಲ್ಕನೆಯದಕ್ಕೆ ಕೆಲಸವಿಲ್ಲ. ಇನ್ನೊಂದು: ಮೊದಲ ಮೂರು ಚೌಕದಲ್ಲಿ ಮಂಗ ಕೂದಲೆಳೆಯಷ್ಟೂ ಬದಲಾಗಬಾರದು. ಕದಲಲಿಲ್ಲ ಎಂಬುದನ್ನು ಚಿತ್ರದಲ್ಲಿ ಹೇಳುವ ದಾರಿ ಅದೊಂದೇ. ಕಿಟಕಿ ಗಾಜಿಗೆ ಹಾಳೆ ಹಿಡಿದು ಅದೇ ಮಂಗವನ್ನು ತಿದ್ದಿಕೊಳ್ಳಿ.

ಸ್ಟ್ರಿಪ್ಪಿನ ಕೆಳಗೆ ಹೈಕುವನ್ನೂ ಅಚ್ಚು ಹಾಕಬೇಡಿ. ಎರಡೂ ಜೊತೆಗಿರಬೇಕೆಂದರೆ ಅದಕ್ಕೆ ಹೈಗ ಎಂಬ, ಹೈಕು ಮತ್ತು ಚಿತ್ರ ಒಂದೇ ಹಾಳೆಯಲ್ಲಿರುವ ಬೇರೆ ದಾರಿ ಇದೆ. ಜಪಾನಿನ ಕವಿ, ಚಿತ್ರಕಾರ ಬುಸೋನ್ (1716–1784) ಅದರಲ್ಲಿ ಎತ್ತಿದ ಕೈ. ಅಲ್ಲಿ ಪದ್ಯ ಹೇಳಿದ್ದನ್ನು ಚಿತ್ರ ಮತ್ತೆ ಹೇಳುವುದಿಲ್ಲ. ನಿಮ್ಮ ಹೈಕುವಿಗಾದರೆ ಒಂದೇ ಚಿತ್ರ: ಬರೀ ಆ ತಟ್ಟೆ, ಚೆಲ್ಲಿದ ನಾಲ್ಕು ಅಗುಳು.

ಹಾಳೆಯ ಅಳತೆ, ಅಕ್ಷರದ ಗಾತ್ರ ಎಷ್ಟಿರಬೇಕು? ಮಳೆಗಾಲದಲ್ಲಿ ಮಸಿ ಹರಡುತ್ತದೆ, ಏನು ಮಾಡಬೇಕು?
– ಓದುಗರು, ಆಗುಂಬೆ

ಎ4 ಹಾಳೆಯನ್ನು ಅಡ್ಡ ಇಟ್ಟರೆ 29.7 ಸೆಂ.ಮೀ. ಅಗಲ. ಎರಡು ಬದಿಗೆ 1.5ರಂತೆ ಅಂಚು, ಚೌಕಗಳ ನಡುವೆ ಅರ್ಧ ಸೆಂ.ಮೀ. ಬಿಟ್ಟರೆ ಒಂದೊಂದು ಚೌಕ 6.3 ಸೆಂ.ಮೀ. ಅಗಲ ಬರುತ್ತದೆ. ಎತ್ತರ 8 ಇರಲಿ. ಅಚ್ಚಿನಲ್ಲಿ ಅರ್ಧಕ್ಕೆ ಇಳಿಯುತ್ತದೆ ಎಂದಿಟ್ಟುಕೊಂಡು ಅಕ್ಷರವನ್ನು 5 ಮಿ.ಮೀ. ಎತ್ತರ ಬರೆಯಿರಿ. ಸಾಲಿನಿಂದ ಸಾಲಿಗೆ 10–11 ಮಿ.ಮೀ. ಬೇಕು, ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಈ ಅಳತೆಗೆ, ಪಾತ್ರಗಳ ಮಾತು ಬರೆಯುವ ಒಂದು ಬಲೂನಿನಲ್ಲಿ ಸಾಲಿಗೆ 8 ಅಕ್ಷರದಂತೆ ಮೂರು ಸಾಲು ಹಿಡಿಸುತ್ತದೆ. ಅದಕ್ಕಿಂತ ಹೆಚ್ಚಾದರೆ ಅಕ್ಷರ ಕಿರಿದು ಮಾಡಬೇಡಿ, ಮಾತು ಕಡಿಮೆ ಮಾಡಿ.

ಮೊದಲು ಅಕ್ಷರ ಬರೆದು ಆಮೇಲೆ ಸುತ್ತ ಬಲೂನು ಎಳೆಯಿರಿ. ಬಲೂನು ಮೊದಲು ಬರೆದವರ ಕೊನೆಯ ಪದ ಯಾವಾಗಲೂ ಅಂಚಿಗೆ ಒತ್ತಿಕೊಂಡಿರುತ್ತದೆ. ಮೊದಲು ಮಾತಾಡುವವರನ್ನು ಎಡಗಡೆ ನಿಲ್ಲಿಸಿ. ಬಲಗಡೆ ನಿಂತರೆ ಬಲೂನಿನ ಬಾಲಗಳು ಒಂದನ್ನೊಂದು ದಾಟಿ ಯಾರ ಮಾತು ಯಾರದೆಂದು ತಿಳಿಯುವುದಿಲ್ಲ.

ಮಸಿ ಹರಡುವುದಕ್ಕೆ ಕಾರಣ ಪೆನ್ನಿಗಿಂತ ಹೆಚ್ಚಾಗಿ ಹಾಳೆ ಎಳೆದುಕೊಂಡ ತೇವ. ಹಾಳೆಯ ಕಟ್ಟನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಒಂದೆರಡು ಹಾಕಿ, ಬೇಕಾದಾಗ ಒಂದೇ ಹಾಳೆ ತೆಗೆಯಿರಿ. ತೆಳು ಜೆರಾಕ್ಸ್ ಹಾಳೆ ಬೇಡ; 160ರಿಂದ 200 ಜಿಎಸ್‌ಎಂ ಇರುವ ನಯವಾದ ಹಾಳೆ ಒಳ್ಳೆಯದು. ಗೆರೆಗೆ 0.8, ಅಕ್ಷರಕ್ಕೆ 0.5ರ ನೀರಿಗೆ ಕದಡದ ಮಸಿಯ ಪೆನ್ನು ಬಳಸಿ, ಜೆಲ್ ಪೆನ್ನು ಕೈ ತಾಗಿದರೆ ಒರೆಸಿಹೋಗುತ್ತದೆ. ಬೇಸಿಗೆಯಲ್ಲಿ ಐದು ನಿಮಿಷಕ್ಕೆ ಪೆನ್ಸಿಲ್ ಅಳಿಸಬಹುದು, ಆಶ್ಲೇಷ ಮಳೆಯಲ್ಲಿ ಅರ್ಧ ಗಂಟೆ ಕಾಯಿರಿ. ಕಳಿಸುವಾಗ ಸ್ಕ್ಯಾನ್ 600 ಡಿಪಿಐ ಇರಲಿ. ಫೋನಿನಲ್ಲೇ ತೆಗೆಯುವುದಾದರೆ ಹಗಲು ಜಗಲಿಯ ಮೇಲೆ ಹಾಳೆಯನ್ನು ಸಪಾಟಾಗಿ ಇಟ್ಟು, ನೇರ ಮೇಲಿನಿಂದ, ಫ್ಲ್ಯಾಶ್ ಹಾಕದೆ ತೆಗೆಯಿರಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಗೆರೆ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.